ವಾರಸುದಾರರಿಲ್ಲದ ಪೆಟ್ಟಿಗೆ

ಬೇಗಂ ಬಜಾರಿನ ಓಣಿಗಳಲ್ಲಿ ಓಡಾಡಿದವರಿಗೆಲ್ಲ ಒಂದು ಸಂಗತಿ ಗೊತ್ತು. ಇಲ್ಲಿ ಹೆಸರಿಲ್ಲದ ಗಂಟಿಗೆ ಬೆಲೆಯಿಲ್ಲ. ಹಿತ್ತಾಳೆ ಪಾತ್ರೆಯ ಮೂಟೆಯಾಗಲಿ, ಒಣದ್ರಾಕ್ಷಿಯ ಪೆಟ್ಟಿಗೆಯಾಗಲಿ, ಮೆಣಸಿನಕಾಯಿಯ ಚೀಲವಾಗಲಿ, ಕಳಿಸುವವನ ಗುರುತು ಅದರ ಮೇಲಿರಬೇಕು. ಪಡೆಯುವವನ ಹೆಸರು, ಊರು ಇರಬೇಕು. ಜೊತೆಗೆ ಬಿಲ್ಟಿಯೂ ಇರಬೇಕು. ಇದಾವುದೂ ಇಲ್ಲದ ಗಂಟೊಂದು ಅಂಗಡಿಯ ಮುಂದೆ ಬಿದ್ದಿದ್ದರೆ ಹಮಾಲ ಮೊದಲು ಕೇಳುವುದು, “ಇದು ಯಾರದು?” ಎಂದೇ. ಯಾರೂ ನಮ್ಮದು ಎನ್ನದಿದ್ದರೆ ಅದು ‘ಲಾವಾರಿಸ್’ ಮಾಲು, ಅಂದರೆ ವಾರಸುದಾರರಿಲ್ಲದ್ದು.

ಮೊದಲು ಈ ಮಾತಿನಲ್ಲಿ ಭಯವೇನೂ ಇರಲಿಲ್ಲ. 2007ರ ಆಗಸ್ಟ್ 25ರ ಸಂಜೆ, ಬೇಗಂ ಬಜಾರಿನಿಂದ ನಡೆದು ಹೋಗುವಷ್ಟು ದೂರದ ಕೋಠಿಯ ಗೋಕುಲ್ ಚಾಟ್ ಅಂಗಡಿಯಲ್ಲಿ, ಅದೇ ಹೊತ್ತಿಗೆ ಹುಸೇನ್ ಸಾಗರದ ದಂಡೆಯ ಲುಂಬಿನಿ ಉದ್ಯಾನದಲ್ಲಿ, ಬಾಂಬುಗಳು ಸಿಡಿದು 40ಕ್ಕೂ ಹೆಚ್ಚು ಜನ ಸತ್ತರು. ಸತ್ತವರಲ್ಲಿ ಮಹಾರಾಷ್ಟ್ರದಿಂದ ಪ್ರವಾಸಕ್ಕೆಂದು ಬಂದಿದ್ದ ಎಂಜಿನಿಯರಿಂಗ್ ವಿದ್ಯಾರ್ಥಿಗಳೂ ಇದ್ದರು. ಅಂದಿನಿಂದ ನಮ್ಮ ನಗರದಲ್ಲಿ ಒಡೆಯನಿಲ್ಲದ ಚೀಲವನ್ನು ಕಂಡವರು ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ.

ಆದರೆ ಒಡೆಯನಿಲ್ಲದ ಒಂದು ಪೆಟ್ಟಿಗೆ ಎಂಥ ಅನಾಹುತವನ್ನು ಮಾಡಬಲ್ಲದೆಂಬ ಪಾಠವನ್ನು ಜಗತ್ತು ಅದಕ್ಕೂ ಬಹಳ ಹಿಂದೆಯೇ ಕಲಿತಿರಬೇಕಾಗಿತ್ತು. ಆ ಪಾಠದ ಹೆಸರು ‘ಕನಿಷ್ಕ’. ಅದು ನಡೆದು ನಾಲ್ವತ್ತು ವರ್ಷಗಳು ಮೀರಿದವು. ಊರು ಬಿಟ್ಟು ಬಂದು ಬಾಳುತ್ತಿರುವ ನಮ್ಮಂಥ ಕುಟುಂಬಗಳು ಅದನ್ನು ಮರೆಯಬಾರದೆಂಬುದು ನಮ್ಮ ಭಾವನೆ. ಏಕೆಂದರೆ ಆ ವಿಮಾನದಲ್ಲಿ ಹೊರಟಿದ್ದವರಲ್ಲಿ ಬಹುಮಂದಿ ನಮ್ಮ ಹಾಗೆಯೇ ವಲಸೆ ಹೋದವರು, ರಜೆಗೆಂದು ಊರಿಗೆ ಹೊರಟವರು.

ಅಂದು ನಡೆದುದೇನು?

1985ರ ಜೂನ್ 22. ಕೆನಡಾದ ಪಶ್ಚಿಮ ಕರಾವಳಿಯ ವ್ಯಾಂಕೂವರ್ ವಿಮಾನ ನಿಲ್ದಾಣಕ್ಕೆ ಒಬ್ಬ ಮನುಷ್ಯ ಬಂದ. ಎಂ. ಸಿಂಗ್ ಎಂಬ ಹೆಸರಿನಲ್ಲಿ ಆತನ ಟಿಕೆಟ್ಟಿತ್ತು. ಟೊರಾಂಟೊವರೆಗೆ ಸ್ಥಳವೂ ಇತ್ತು. ಆದರೆ ಅಲ್ಲಿಂದ ಮುಂದೆ ಭಾರತಕ್ಕೆ ಹೋಗುವ ಏರ್ ಇಂಡಿಯಾ ವಿಮಾನದಲ್ಲಿ ಆತನ ಸ್ಥಳ ಖಾತ್ರಿಯಾಗಿರಲಿಲ್ಲ. ಸ್ಥಳ ಖಾತ್ರಿಯಾಗದವನ ಪೆಟ್ಟಿಗೆಯನ್ನು ಮುಂದಿನ ವಿಮಾನಕ್ಕೆ ನೇರವಾಗಿ ಕಳಿಸುವಂತಿಲ್ಲವೆಂಬ ನಿಯಮ ಆಗಲೂ ಇತ್ತು. ಆತ ಬಿಡಲಿಲ್ಲ, ವಾದಿಸಿದ. ಹಿಂದೆ ಜನರ ಸಾಲು ಬೆಳೆಯುತ್ತಿತ್ತು. ಕಡೆಗೆ ಅಲ್ಲಿದ್ದ ನೌಕರರು ಒಪ್ಪಿ ಚೀಟಿ ಅಂಟಿಸಿದರು. ಪೆಟ್ಟಿಗೆ ವಿಮಾನ ಹತ್ತಿತು. ಅದರ ಒಡೆಯ ಹತ್ತಲಿಲ್ಲ.

ಟೊರಾಂಟೊದಲ್ಲಿ ಸಾಮಾನುಗಳ ಒಳಗನ್ನು ತೋರಿಸುವ ಕ್ಷಕಿರಣ ಯಂತ್ರ ಅಂದು ಕೆಟ್ಟು ನಿಂತಿತ್ತು. ಉಳಿದ ಪೆಟ್ಟಿಗೆಗಳನ್ನು ಕೈಯಲ್ಲಿ ಹಿಡಿಯುವ ಒಂದು ಸಣ್ಣ ಯಂತ್ರದಿಂದ ಪರೀಕ್ಷಿಸಿದರು. ಹೀಗೆ ಆ ಪೆಟ್ಟಿಗೆ ಬೋಯಿಂಗ್ 747 ಜಾತಿಯ ದೊಡ್ಡ ವಿಮಾನದ ಹೊಟ್ಟೆಯನ್ನು ಸೇರಿತು. ಏರ್ ಇಂಡಿಯಾದವರು ಆ ವಿಮಾನಗಳಿಗೆ ಚಕ್ರವರ್ತಿಗಳ ಹೆಸರಿಡುತ್ತಿದ್ದ ಕಾಲವದು. ಇದರ ಹೆಸರು ‘ಸಾಮ್ರಾಟ್ ಕನಿಷ್ಕ’. ಟೊರಾಂಟೊದಿಂದ ಮಾಂಟ್ರಿಯಲ್, ಅಲ್ಲಿಂದ ಲಂಡನ್, ದಿಲ್ಲಿ, ಮುಂಬಯಿ ಅದರ ಹಾದಿ.

ಮರುದಿನ ಜೂನ್ 23, ಭಾನುವಾರ. ಐರ್ಲೆಂಡಿನ ವೇಳೆ ಬೆಳಗ್ಗೆ 8 ಗಂಟೆ 14 ನಿಮಿಷ. 31,000 ಅಡಿ ಎತ್ತರದಲ್ಲಿ, ಐರ್ಲೆಂಡಿನ ದಡದಿಂದ ಸುಮಾರು 190 ಕಿಲೊಮೀಟರು ದೂರದಲ್ಲಿ ಪೆಟ್ಟಿಗೆಯೊಳಗಿನ ಬಾಂಬು ಸಿಡಿಯಿತು. ಶ್ಯಾನನ್ ನಿಯಂತ್ರಣ ಕೇಂದ್ರದವರ ತೆರೆಯ ಮೇಲಿನಿಂದ ವಿಮಾನದ ಗುರುತು ಮಾಯವಾಯಿತು. ಅಪಾಯದ ಕರೆಯನ್ನು ಕಳಿಸಲು ಕೂಡ ವಿಮಾನದವರಿಗೆ ಅವಕಾಶ ಸಿಗಲಿಲ್ಲ. 307 ಪ್ರಯಾಣಿಕರು, 22 ಸಿಬ್ಬಂದಿ, ಒಟ್ಟು 329 ಜನ. ಒಬ್ಬರೂ ಉಳಿಯಲಿಲ್ಲ.

ಅದಕ್ಕೆ ಒಂದು ಗಂಟೆ ಕೂಡ ಮುಂಚೆಯಲ್ಲ, ಜಪಾನಿನ ನರೀತಾ ವಿಮಾನ ನಿಲ್ದಾಣದಲ್ಲಿ ಇನ್ನೊಂದು ಪೆಟ್ಟಿಗೆ ಸಿಡಿದಿತ್ತು. ಅದೂ ವ್ಯಾಂಕೂವರಿನಿಂದ ಒಡೆಯನಿಲ್ಲದೆ ಬಂದದ್ದೆ, ಬ್ಯಾಂಕಾಕಿಗೆ ಹೊರಡಲಿದ್ದ ಏರ್ ಇಂಡಿಯಾದ ಇನ್ನೊಂದು ವಿಮಾನಕ್ಕೆ ಸೇರಬೇಕಾದದ್ದೆ. ಸಾಮಾನು ಸಾಗಿಸುತ್ತಿದ್ದ ಇಬ್ಬರು ಜಪಾನಿ ಕೆಲಸಗಾರರು ಸತ್ತರು. ಯಾರದೋ ಹಗೆ, ಯಾರದೋ ಪೆಟ್ಟಿಗೆ. ಪ್ರಾಣ ಹೋದದ್ದು ಹೊರೆ ಹೊರುವವರದು.

ಹೋದವರು ಯಾರು?

ಜೂನ್ ತಿಂಗಳೆಂದರೆ ಕೆನಡಾದಲ್ಲಿ ಶಾಲೆಗಳಿಗೆ ಬೇಸಿಗೆಯ ರಜೆ ಬರುವ ಕಾಲ. ಅಜ್ಜಿ ತಾತಂದಿರನ್ನು ನೋಡಲೆಂದು ಮಕ್ಕಳು ಹೊರಟಿದ್ದರು. 80ಕ್ಕೂ ಹೆಚ್ಚು ಮಕ್ಕಳು ಆ ವಿಮಾನದಲ್ಲಿದ್ದರು. ಕೆಲವು ಮನೆಗಳಲ್ಲಿ ತಾಯಿ ಮಕ್ಕಳು ಮುಂಚಿತವಾಗಿ ಹೊರಟು, ತಂದೆ ಕೆಲಸದ ಸಲುವಾಗಿ ಹಿಂದುಳಿದಿದ್ದ. ಕೆಲವು ಮನೆಗಳಲ್ಲಿ ಎಲ್ಲರೂ ಹೊರಟಿದ್ದರು. ಆ ಮನೆಗಳ ಬೀಗ ತೆಗೆಯಲು ಯಾರೂ ಹಿಂತಿರುಗಲಿಲ್ಲ.

ನಮ್ಮ ತೆಲುಗು ನೆರೆಯವರಿಗೆ ಆ ಪಟ್ಟಿಯಲ್ಲಿ ಒಂದು ಹೆಸರು ಚೆನ್ನಾಗಿ ಗೊತ್ತು. ಅದು ಡಾ. ಯಲವರ್ತಿ ನಾಯುಡಮ್ಮನವರದು. ಗುಂಟೂರು ಸೀಮೆಯ ತೆನಾಲಿಯ ಬಳಿಯ ಹಳ್ಳಿಯೊಂದರಲ್ಲಿ 1922ರಲ್ಲಿ ಹುಟ್ಟಿದ ಅವರು ಚರ್ಮ ಹದಮಾಡುವ ಶಾಸ್ತ್ರದಲ್ಲಿ ಜಗತ್ತೇ ಮನ್ನಿಸಿದ ವಿಜ್ಞಾನಿ. ಮದರಾಸಿನ ಕೇಂದ್ರ ಚರ್ಮ ಸಂಶೋಧನಾಲಯದ ನಿರ್ದೇಶಕರಾಗಿದ್ದರು. ಮುಂದೆ ದೇಶದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಲಿಗೇ ಮಹಾನಿರ್ದೇಶಕರಾದರು. ಹೆಚ್ಚಿನವರು ಮೂಗು ಮುಚ್ಚಿಕೊಂಡು ದೂರ ನಿಲ್ಲುತ್ತಿದ್ದ ಒಂದು ಕಸುಬಿಗೆ ವಿಜ್ಞಾನದ ಗೌರವ ತಂದವರು. ಅಂಥವರೂ ಕನಿಷ್ಕದಲ್ಲಿದ್ದರು.

ಬದುಕಿ ಉಳಿದವರ ಪಾಡನ್ನೂ ನೆನೆಯಬೇಕು. ಕೆನಡಾದ ಭರತನಾಟ್ಯ ಕಲಾವಿದೆ ಲತಾ ಪಾಡಾ ಆಗ್ಗೆ ಭಾರತದಲ್ಲಿದ್ದರು. ಗಂಡನೂ ಇಬ್ಬರು ಹೆಣ್ಣುಮಕ್ಕಳೂ ಅವರನ್ನು ಕೂಡಿಕೊಳ್ಳಲು ಅದೇ ವಿಮಾನದಲ್ಲಿ ಹೊರಟಿದ್ದರು. ಮೂವರೂ ಬರಲಿಲ್ಲ. ಆ ತಾಯಿ ಎಷ್ಟೋ ವರ್ಷಗಳ ತರುವಾಯ, 2001ರಲ್ಲಿ, ತಮ್ಮ ದುಃಖವನ್ನೇ ವಸ್ತುವಾಗಿಟ್ಟುಕೊಂಡು ಒಂದು ನೃತ್ಯ ಪ್ರಯೋಗವನ್ನು ರಂಗಕ್ಕೆ ತಂದರು. ಬೆಂಕಿಯನ್ನು ಹಾದು ಬಂದ ಹೆಣ್ಣಿನ ಕಥೆ ಅದು.

ದುಃಖಕ್ಕೂ ವಾರಸುದಾರರು ಬೇಡವೆ?

ಈಗ ಓದುಗ ಬಂಧುಗಳ ಗಮನವನ್ನು ನಾವು ಸೆಳೆಯಬೇಕೆಂದಿರುವ ಸಂಗತಿಗೆ ಬರೋಣ. ಸತ್ತವರಲ್ಲಿ 268 ಮಂದಿ ಕೆನಡಾದ ಪ್ರಜೆಗಳು. ಬಾಂಬು ಸಿದ್ಧವಾದದ್ದು ಕೆನಡಾದಲ್ಲಿ. ಸಂಚು ನಡೆದದ್ದು, ಪೆಟ್ಟಿಗೆ ಹೊರಟದ್ದು ಎಲ್ಲವೂ ಅಲ್ಲೇ. ಆದರೂ ಸುದ್ದಿ ತಿಳಿದಾಗ ಕೆನಡಾದ ಅಂದಿನ ಪ್ರಧಾನಿ ಬ್ರಯನ್ ಮಲ್ರೋನಿ ಅವರು ಸಂತಾಪ ಹೇಳಿದ್ದು ಭಾರತದ ಪ್ರಧಾನಿ ರಾಜೀವ ಗಾಂಧಿಯವರಿಗೆ! ತಮ್ಮ ಮನೆಯಲ್ಲೇ ಸಾವಾಗಿರುವಾಗ ಪಕ್ಕದ ಮನೆಯವರಿಗೆ ಸಮಾಧಾನ ಹೇಳಿದಂತಾಯಿತು. ಅದು ಕೆಟ್ಟ ಮನಸ್ಸಿನಿಂದ ಆದದ್ದೆಂದು ನಾವು ಹೇಳುವುದಿಲ್ಲ. ಹೆಸರುಗಳು ಭಾರತದವು, ಮೈಬಣ್ಣ ಭಾರತದ್ದು, ವಿಮಾನ ಭಾರತದ್ದು. ಆದುದರಿಂದ ಸತ್ತವರೂ ಭಾರತದವರೇ ಎಂದು ಅವರಿಗೆ ಸಹಜವಾಗಿ ತೋರಿತು. ಇತ್ತ ಭಾರತದಲ್ಲೋ, ಅವರು ಹೋಗಿ ಕೆನಡಾದವರಾದವರು ಎಂಬ ಭಾವನೆ. ನಡುವೆ ಆ ದುಃಖ ‘ಲಾವಾರಿಸ್’ ಆಯಿತು.

ಮುಂದಿನ ಕಥೆಯೂ ಅಷ್ಟೆ. ಅಪಾಯ ಬರಲಿದೆಯೆಂದು ಏರ್ ಇಂಡಿಯಾ ಮೊದಲೇ ಎಚ್ಚರಿಸಿತ್ತು. ಸಂಶಯಿತರ ದೂರವಾಣಿ ಮಾತುಗಳನ್ನು ಕೆನಡಾದ ಗುಪ್ತಚರರು ಧ್ವನಿಸುರುಳಿಗಳಲ್ಲಿ ಹಿಡಿದಿದ್ದರು, ಆದರೆ ಅವುಗಳಲ್ಲಿ ಬಹುಪಾಲನ್ನು ಅಳಿಸಿಬಿಟ್ಟರು. ಮೊಕದ್ದಮೆ ಇಪ್ಪತ್ತು ವರ್ಷ ಎಳೆಯಿತು. 2005ರ ಮಾರ್ಚ್ 16ರಂದು ಇಬ್ಬರು ಆರೋಪಿಗಳು, ಪುರಾವೆ ಸಾಲದೆಂದು, ಬಿಡುಗಡೆಯಾದರು. ಬಾಂಬಿನ ಕೆಲಸದಲ್ಲಿ ಕೈಯಿದ್ದ ಇಂದರ್‌ಜಿತ್ ಸಿಂಗ್ ರೇಯತ್ ಎಂಬವನೊಬ್ಬನಿಗೆ ಮಾತ್ರ ಶಿಕ್ಷೆಯಾಯಿತು.

ಕೆನಡಾ ಸರಕಾರ ನೇಮಿಸಿದ ನ್ಯಾಯಮೂರ್ತಿ ಜಾನ್ ಮೇಜರ್ ಅವರ ವಿಚಾರಣಾ ಆಯೋಗ 2010ರ ಜೂನ್ 17ರಂದು ತನ್ನ ವರದಿಯನ್ನು ಕೊಟ್ಟಿತು. ಇದು ಕೆನಡಾದ್ದೇ ದುರಂತ, ತಪ್ಪಿನ ಮೇಲೆ ತಪ್ಪು ಸೇರಿ ಆದದ್ದು ಎಂಬುದು ಅದರ ಸಾರ. ಅದೇ ಜೂನ್ 23ರಂದು ಪ್ರಧಾನಿ ಸ್ಟೀಫನ್ ಹಾರ್ಪರ್ ಅವರು ಸತ್ತವರ ಬಂಧುಗಳ ಕ್ಷಮೆ ಕೇಳಿದರು. ‘ಇವರು ನಮ್ಮವರು’ ಎಂಬ ಮಾತು ಬಾಯಿಗೆ ಬರಲು ಇಪ್ಪತ್ತೈದು ವರ್ಷ ಹಿಡಿಯಿತು. ಆ ಹೊತ್ತಿಗೆ ಆ ಮಾತಿಗಾಗಿ ಕಾಯುತ್ತ ಕುಳಿತಿದ್ದ ಎಷ್ಟು ತಂದೆತಾಯಂದಿರು ಕಣ್ಣು ಮುಚ್ಚಿದ್ದರೋ!

‘ನಮ್ಮವರು’ ಎಂದ ಹಳ್ಳಿ

ಹಾಗಾದರೆ ಆ ದುಃಖವನ್ನು ತಮ್ಮದೆಂದು ಮೊದಲು ಎತ್ತಿಕೊಂಡವರು ಯಾರು? ಸತ್ತವರಿಗೂ ತಮಗೂ ಯಾವ ನಂಟೂ ಇಲ್ಲದ ಐರ್ಲೆಂಡಿನ ಜನ. ಹಡಗಿನವರು ಅಲೆಗಳ ನಡುವೆ ಶವಗಳನ್ನು ಹುಡುಕಿದರು. 131 ದೇಹಗಳು ದೊರೆತವು. ಉಳಿದವರಿಗೆ ಕಡಲೇ ಸಮಾಧಿ. ಕಾರ್ಕ್ ನಗರದ ಆಸ್ಪತ್ರೆಯಲ್ಲಿ ದಾದಿಯರು ಆ ದೇಹಗಳನ್ನು ಶುಚಿಮಾಡಿದರು. ಗುರುತು ಹಿಡಿಯಲೆಂದು ದೂರದೇಶದಿಂದ ಬಂದವರ ಕೈ ಹಿಡಿದು ಊರಿನವರು ಜೊತೆಗೆ ಅತ್ತರು.

ಕಡಲಿಗೆ ಮುಖ ಮಾಡಿರುವ ಅಹಾಕಿಸ್ತಾ ಎಂಬ ಪುಟ್ಟ ಹಳ್ಳಿಯಲ್ಲಿ ಒಂದು ವರ್ಷದೊಳಗೇ ಸ್ಮಾರಕ ಎದ್ದಿತು. ಅದೊಂದು ನೆರಳ ಗಡಿಯಾರ; ಪಕ್ಕದ ಗೋಡೆಯ ಮೇಲೆ ಸತ್ತವರ ಹೆಸರುಗಳು. ಪ್ರತಿವರ್ಷ ಜೂನ್ 23ರ ಬೆಳಗ್ಗೆ, ವಿಮಾನ ಮಾಯವಾದ ಆ ಗಳಿಗೆಗೆ ಸರಿಯಾಗಿ, ಜನ ಅಲ್ಲಿ ಕೂಡಿ ಮೌನವಾಗಿ ನಿಲ್ಲುತ್ತಾರೆ. ಊರಿನ ಶಾಲೆಯ ಮಕ್ಕಳೂ ಇರುತ್ತಾರೆ. 2025ರಲ್ಲಿ ನಾಲ್ವತ್ತನೆಯ ವರ್ಷದ ನೆನಪಿಗೆ ಐರ್ಲೆಂಡಿನ ಪ್ರಧಾನಿಯೂ, ಭಾರತ ಮತ್ತು ಕೆನಡಾದ ಮಂತ್ರಿಗಳೂ ಅಲ್ಲಿಗೇ ಹೋಗಿ ನಿಂತರು.

ಐರ್ಲೆಂಡಿನವರಿಗೆ ಇದೇಕೆ ಇಷ್ಟು ತಟ್ಟಿತು? ನಮಗೆ ತೋರುವುದು ಇಷ್ಟು. ಅದು ತಲೆಮಾರುಗಳಿಂದ ಮಕ್ಕಳನ್ನು ಹಡಗು ಹತ್ತಿಸಿ ಹೊರನಾಡಿಗೆ ಕಳಿಸಿದ ನಾಡು. ಪರಸ್ಥಳದಲ್ಲಿ ಸತ್ತ ಮಗನ ಸುದ್ದಿಗಾಗಿ ಕಾದ ತಾಯಂದಿರ ನಾಡು. ಯಾರದೋ ಮಗು ದಡಕ್ಕೆ ಬಂದಾಗ ಅಂಥವರಿಗೆ ‘ಇದು ಯಾರದು’ ಎಂದು ಕೇಳುವ ಅಗತ್ಯ ಬೀಳಲಿಲ್ಲ.

ನಮ್ಮ ಹುಣಸೆಯ ಮರ

ನೆನಪೆಂಬುದು ಬರಿಯ ಕಣ್ಣೀರಲ್ಲ. ಅದು ಕೆಲಸಕ್ಕೆ ಬರುವ ವಸ್ತು. ಅದಕ್ಕೆ ಸಾಕ್ಷಿ ಬೇಗಂ ಬಜಾರಿನ ಪಕ್ಕದಲ್ಲೇ ಇದೆ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹೈದರಾಬಾದನ್ನು ಕೊಚ್ಚಿತು. ಸಾವಿರಾರು ಜನ ಸತ್ತರು. ಉರ್ದು ಕವಿ ಅಮ್ಜದ್ ಹೈದರಾಬಾದಿಯವರು ಅಂದು ತಾಯಿಯನ್ನೂ ಹೆಂಡತಿಯನ್ನೂ ಮಗಳನ್ನೂ ಕಳೆದುಕೊಂಡರು. ಅಫ್ಜಲ್‌ಗಂಜಿನಲ್ಲಿ, ಇಂದು ಉಸ್ಮಾನಿಯಾ ಆಸ್ಪತ್ರೆಯಿರುವ ಆವರಣದಲ್ಲಿ, ಒಂದು ಹುಣಸೆಯ ಮರವನ್ನೇರಿ ಸುಮಾರು 150 ಮಂದಿ ಬದುಕಿಕೊಂಡರು. ಆ ದಿನ ಬಂದಾಗ ಅದರ ನೆರಳಿನಲ್ಲಿ ಕೂಡಿ ಪ್ರವಾಹವನ್ನು ನೆನೆಯುವ ರೂಢಿಯನ್ನು ನಗರದ ಜನ ಇಟ್ಟುಕೊಂಡಿದ್ದಾರೆ.

ಆ ಪ್ರವಾಹದ ತರುವಾಯ ಹೈದರಾಬಾದಿನ ಸರಕಾರ ಕರೆಸಿಕೊಂಡದ್ದು ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರನ್ನು. 1909ರಲ್ಲಿ ಅವರು ಇಲ್ಲಿಗೆ ಬಂದು, ನೀರನ್ನು ಮೇಲುಭಾಗದಲ್ಲೇ ತಡೆದು ನಿಲ್ಲಿಸುವ ಯೋಜನೆಯನ್ನು ಕೊಟ್ಟರು. 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಮುಗಿದವು. ಸತ್ತವರ ನೆನಪು ಅಣೆಕಟ್ಟಾಗಿ ನಿಂತು ಬದುಕಿರುವವರನ್ನು ಕಾಯತೊಡಗಿತು.

ಕನಿಷ್ಕದ ನೆನಪೂ ಹಾಗೆಯೇ ನಮ್ಮನ್ನು ಕಾಯುತ್ತಿದೆ. ವಿಮಾನ ಹೊರಡುವ ಹೊತ್ತಾದರೂ ಹೊರಡದೆ ನಿಂತಿರುವಾಗ, “ಒಬ್ಬರು ಬಂದಿಲ್ಲ, ಅವರ ಸಾಮಾನನ್ನು ಇಳಿಸಬೇಕಾಗಿದೆ” ಎಂಬ ಪ್ರಕಟಣೆಯನ್ನು ನಮ್ಮಲ್ಲಿ ಹಲವರು ಕೇಳಿರಬಹುದು. ಗಡಿಯಾರ ನೋಡಿ ಗೊಣಗಿಯೂ ಇರಬಹುದು. ಪ್ರಯಾಣಿಕನಿಲ್ಲದೆ ಪೆಟ್ಟಿಗೆ ಹಾರಬಾರದೆಂಬ ಈ ಕಟ್ಟುನಿಟ್ಟನ್ನು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಬಿಗಿಗೊಳಿಸಿದ್ದು ಕನಿಷ್ಕದ ತರುವಾಯ. ಆಗಲೂ ಎಲ್ಲರೂ ಕೂಡಲೆ ಅದನ್ನು ಪಾಲಿಸಲಿಲ್ಲ. 1988ರ ಡಿಸೆಂಬರ್ 21ರಂದು ಸ್ಕಾಟ್ಲೆಂಡಿನ ಲಾಕರ್ಬಿ ಊರಿನ ಮೇಲೆ ಪ್ಯಾನ್ ಆಮ್ ವಿಮಾನ ಸಿಡಿದು 270 ಜನ ಸತ್ತರು. ಅಲ್ಲಿಯೂ ಒಡೆಯನಿಲ್ಲದ ಒಂದು ಪೆಟ್ಟಿಗೆಯೇ! ಮೂರೂವರೆ ವರ್ಷದ ಹಿಂದಿನ ಸಾವನ್ನು ಮರೆತದ್ದಕ್ಕೆ ತೆತ್ತ ಬೆಲೆ ಅದು.

ನೆನಪು ಹಗೆಯಾಗಬಾರದು

ಒಂದು ಎಚ್ಚರಿಕೆಯ ಮಾತನ್ನೂ ಇಲ್ಲಿ ಹೇಳಲೇಬೇಕು. 1984ರಲ್ಲಿ ಅಮೃತಸರದ ಸ್ವರ್ಣಮಂದಿರಕ್ಕೆ ಸೈನ್ಯ ನುಗ್ಗಿದ್ದು, ಅದೇ ನವೆಂಬರಿನಲ್ಲಿ ದಿಲ್ಲಿಯಲ್ಲಿ ಸಿಖ್ಖರ ಕೊಲೆಗಳಾದದ್ದು, ಇವುಗಳ ಸೇಡೆಂದು ಕೆಲವೇ ಉಗ್ರರು ಕನಿಷ್ಕವನ್ನು ಸಿಡಿಸಿದರು. ಆದರೆ ಆ ವಿಮಾನದ ಸಹಚಾಲಕರೂ ಸಿಖ್ಖರೇ, ಪ್ರಯಾಣಿಕರಲ್ಲಿಯೂ ಎಷ್ಟೋ ಸಿಖ್ಖರಿದ್ದರು. ಕೆಲವರ ಪಾಪವನ್ನು ಒಂದು ಸಮಾಜದ ತಲೆಗೆ ಕಟ್ಟಿದರೆ ಏನಾಗುವುದೆಂಬುದು ನಮ್ಮ ಸೀಮೆಯವರಿಗೆ ತಿಳಿಯದ್ದಲ್ಲ. ಗುರುನಾನಕರ ಝೀರಾ ಇರುವ ನಮ್ಮ ಬೀದರಿನಲ್ಲೇ, ಓದಲೆಂದು ಬಂದಿದ್ದ ಸಿಖ್ ವಿದ್ಯಾರ್ಥಿಗಳ ಮೇಲೆ 1988ರ ಸೆಪ್ಟೆಂಬರಿನಲ್ಲಿ ಗುಂಪುಗಳು ಎರಗಿ ಹಲವರನ್ನು ಕೊಂದವು. ಅವರೂ ಊರು ಬಿಟ್ಟು ಬಂದ ಮಕ್ಕಳೇ. ಅವರ ತಾಯಂದಿರೂ ದೂರದಲ್ಲಿ ಕಾದಿದ್ದವರೇ. ಕನಿಷ್ಕವನ್ನು ನೆನೆಯುವ ಬಾಯಿ ಅವರನ್ನೂ ನೆನೆಯದಿದ್ದರೆ ಆ ನೆನಪು ಅರ್ಧದ್ದು.

ನಮ್ಮ ಪಾಲಿನ ಕೆಲಸ

‘ನೀನು ಯಾರವನು’ ಎಂಬ ಪ್ರಶ್ನೆ ಹೈದರಾಬಾದಿನ ಕನ್ನಡಿಗರಿಗೆ ಹೊಸದಲ್ಲ. ಕಲಬುರಗಿ, ಬೀದರ, ರಾಯಚೂರುಗಳಿಂದ ವ್ಯಾಪಾರಕ್ಕೆ, ನೌಕರಿಗೆ, ಓದಿಗೆ ನಮ್ಮ ಹಿರಿಯರು ಬಂದಾಗ ಇದು ಅವರದೇ ರಾಜಧಾನಿ. 1956ರ ನವೆಂಬರ್ 1ರಂದು ಮನೆಯನ್ನೂ ಬದಲಿಸದೆ, ಓಣಿಯನ್ನೂ ಬದಲಿಸದೆ, ಅವರು ಹೊರನಾಡಿನವರಾದರು. ಈಗ ನಮ್ಮ ಮಕ್ಕಳು ಟೊರಾಂಟೊದಲ್ಲಿ, ಲಂಡನ್ನಿನಲ್ಲಿ, ಡಬ್ಲಿನ್ನಿನಲ್ಲಿ ಇದ್ದಾರೆ. ಹಬ್ಬಕ್ಕೆ ಬಂದು ಹೋಗುವಾಗ ಬೇಗಂ ಬಜಾರಿನ ಗೋಡಂಬಿ, ಮಸಾಲೆಗಳನ್ನು ಪೆಟ್ಟಿಗೆಯಲ್ಲಿ ತುಂಬಿಸಿ ಕಳಿಸುತ್ತೇವೆ. ಆ ಪೆಟ್ಟಿಗೆಯ ಮೇಲೆ ಅವರ ಹೆಸರನ್ನು ದಪ್ಪಕ್ಷರದಲ್ಲಿ ಬರೆಯುತ್ತೇವೆ. ಪೆಟ್ಟಿಗೆಯ ಬಗ್ಗೆ ಇರುವ ಈ ಕಾಳಜಿ ಮನುಷ್ಯನ ಬಗ್ಗೆಯೂ ಇರಬೇಡವೆ?

ಆದುದರಿಂದ ನಮ್ಮ ಸಂಘದ ಕುಟುಂಬಗಳಲ್ಲಿ ನಮ್ಮದೊಂದು ವಿನಂತಿ. ದೊಡ್ಡ ಸಮಾರಂಭವೇನೂ ಬೇಡ. ಜೂನ್ 23ರಂದು ಮನೆಯ ಮಕ್ಕಳಿಗೆ ಕನಿಷ್ಕದ ಕಥೆಯನ್ನು ಹೇಳಿರಿ. ಮಕ್ಕಳು ಹೊರದೇಶದಲ್ಲಿದ್ದರೆ ದೂರವಾಣಿಯಲ್ಲೇ ಹೇಳಿರಿ. ಎರಡನೆಯದು, ಇನ್ನೂ ಮುಖ್ಯವಾದದ್ದು. ನಮ್ಮ ಸುತ್ತಮುತ್ತ ಒಂಟಿಯಾಗಿ ದುಡಿಯುತ್ತಿರುವ ನಮ್ಮ ಸೀಮೆಯವರು ಎಷ್ಟೋ ಜನರಿದ್ದಾರೆ: ಅಂಗಡಿಯ ಗುಮಾಸ್ತರು, ಹಮಾಲರು, ಕಟ್ಟಡದ ಕೂಲಿಯವರು. ಅವರ ಹೆಸರೇನು, ಊರು ಯಾವುದು, ಆಪತ್ತು ಬಂದರೆ ಯಾರಿಗೆ ತಿಳಿಸಬೇಕು ಎಂಬುದನ್ನು ಇಂದೇ ಕೇಳಿ ಬರೆದಿಟ್ಟುಕೊಳ್ಳಿರಿ. ಸಂಘದಲ್ಲೊಂದು ಪುಸ್ತಕವನ್ನಿಟ್ಟರೆ ಸಾಕು, ಖರ್ಚೇನೂ ಇಲ್ಲ.

329 ಜನರ ಬಂಧುಗಳು ಬೇಡಿದ್ದು ಹಣವನ್ನಲ್ಲ, ‘ಇವರು ನಮ್ಮವರು’ ಎಂಬ ಎರಡು ಪದಗಳನ್ನು. ಒಂದು ಸರಕಾರಕ್ಕೆ ಅದನ್ನು ಹೇಳಲು ಇಪ್ಪತ್ತೈದು ವರ್ಷ ಬೇಕಾಯಿತು. ಅಹಾಕಿಸ್ತಾದ ಜನರಿಗೆ ಅದು ಮೊದಲ ದಿನವೇ ಸಾಧ್ಯವಾಯಿತು. ನಾವು ಯಾರ ಹಾದಿಯನ್ನು ಹಿಡಿಯಬೇಕೆಂಬುದನ್ನು ಬಂಧುಗಳು ತಾವೇ ಯೋಚಿಸಬೇಕು.